ಬಿಲ್ಲಿನ ಬೆನ್ನಿಗೆ

ಕರೆಂಟು ಬಿಲ್ಲಿನ ಬೆನ್ನಿಗೆ, ನಡುವೆ ಒಂದು ಗೀಟು ಎಳೆದು
ಇವರು ಬರೆಯಲು ಕೂತರು.
ಈಚೆಗೆ ಕಾಟನ್‌ಪೇಟೆ, ಆಚೆಗೆ ಮೇಗಲಹಳ್ಳಿ.
ನಾನು ಸೀರೆಗೆ ಫಾಲ್ಸು ಹಚ್ಚುತ್ತ ಹೇಳುತ್ತಿದ್ದೆ,
ಬಾಯಲ್ಲಿ ಸೂಜಿ, ಅರ್ಧರ್ಧ ಮಾತು.

ಇಲ್ಲಿ, ಹತ್ತಕ್ಕೆ ಹನ್ನೆರಡಡಿ. ಕಾಲು ಚಾಚಿದರೆ ಸಿಲಿಂಡರು.
ದಿನ ಬಿಟ್ಟು ದಿನ ರಾತ್ರಿ ಎರಡಕ್ಕೆ ನಲ್ಲಿ ಕೆಮ್ಮುತ್ತದೆ,
ಮೊದಲು ಗಾಳಿ, ಆಮೇಲೆ ತುಕ್ಕು, ಆಮೇಲೆ ನೀರು.
ವಠಾರದ ಏಳೂ ಮನೆ ಕೊಡ ಹಿಡಿದು ನಿದ್ದೆಗಣ್ಣಲ್ಲಿ ನಿಲ್ಲುತ್ತದೆ.
ಷಾಕಿರಾಳ ಮಗನ ಮಾರ್ಕ್ಸು, ಆಂಡಾಳಮ್ಮನ ಮಂಡಿನೋವು,
ಯಾರ ಮನೆ ಮದುವೆಗೆ ಯಾರು ಬರಲಿಲ್ಲ,
ಎಲ್ಲ ತಿಳಿಯುವುದು ಆ ಒಂದು ಗಂಟೆಯಲ್ಲೇ.
ಇದನ್ನ ಯಾವ ಕಡೆ ಬರೀಲಿ, ಅಂದರು ಇವರು.
ನಲ್ಲೀನೋ, ಮಾತನ್ನೋ, ಅಂದೆ.
ಪೆನ್ನು ಗೀಟಿನ ಮೇಲೇ ನಿಂತಿತು.

ಅಲ್ಲಿ, ಮೂವತ್ತು ನಲವತ್ತು. ಬೋರು ಇದೆ, ಜಂಟಿ.
ಎರಡು ಕೋಣೆ ಎಬ್ಬಿಸಿದ್ದಾರೆ, ಗಿಲಾವು ಬಾಕಿ.
ನಿನ್ನೆ ಭಾನುವಾರ ನೋಡಿ ಬಂದೆವು.
ಮಾರುವ ಬೈಲಪ್ಪ ಬೀಗ ತೆಗೆದ; ಒಳಗೆ
ಇವರು ಆಡಿದ ಮಾತು ಗೋಡೆಗೆ ಬಡಿದು ವಾಪಸು ಬಂತು.
ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ್ದೇನೆ,
ಇವರ ದನಿ ಇಷ್ಟು ದಪ್ಪವೆಂದು ಗೊತ್ತೇ ಇರಲಿಲ್ಲ.
ಪೇಟೆಯಲ್ಲಿ ನಾವು ಜಗಳವನ್ನೂ ಪಿಸುಗುಟ್ಟಿಯೇ ಆಡುತ್ತೇವೆ,
ಗೋಡೆಯಾಚೆ ಆಂಡಾಳಮ್ಮ.

ಹಿತ್ತಲಲ್ಲಿ ಯಾರೋ ಬಿತ್ತಿ ಮರೆತ ಅವರೆ.
ಯಾರನ್ನೂ ಕೇಳದೆ ಸೆರಗು ತುಂಬ ಕಿತ್ತುಕೊಂಡೆ.
ಬೆರಳಿಗೆ ಅಂಟಿದ ಸೊಗಡು
ಬಸ್ಸಿನಲ್ಲೂ ಹೋಗಲಿಲ್ಲ, ಸೋಪಿಗೂ ಹೋಗಲಿಲ್ಲ.

ಪಕ್ಕದ ಮನೆಯಾಕೆ ಮಜ್ಜಿಗೆ ತಂದಳು, ಸ್ಟೀಲು ಲೋಟ.
ಕೈಗೆ ಕೊಡುವ ಮೊದಲು, ನಗುತ್ತಲೇ,
ಕೆಟ್ಟ ಮನಸ್ಸಿನಿಂದಲ್ಲ,
ನೀವು ಯಾವ ಪೈಕಿ, ಅಂದಳು.
ಲೋಟ ಅಲ್ಲೇ, ಗಾಳಿಯಲ್ಲಿ.
ಇವರು ಹೇಳಿದರು. ಹೇಳದೆ ಏನು.
ಒಳಗೆ ಹೋಗಿ ಬಂದಳು. ಮಜ್ಜಿಗೆ ಬಂತು,
ಪ್ಲಾಸ್ಟಿಕ್ಕು ಲೋಟದಲ್ಲಿ.
ಕೊತ್ತಂಬರಿ ಹಾಕಿದ್ದಳು. ಚೆನ್ನಾಗಿತ್ತು.

ಇದನ್ನು ಇವರು ಬಿಲ್ಲಿನ ಬೆನ್ನಿಗೆ ಬರೆಯಲಿಲ್ಲ.
ಬರೀರಿ ಅಂತ ನಾನೂ ಅನ್ನಲಿಲ್ಲ.
ಪೇಟೆಗೆ ಬಂದ ಹೊಸತರಲ್ಲಿ ಓನರು ಕೇಳಿದ್ದು ನೆನಪಿದೆ,
ಅಡುಗೆ ಎಂಥದು ನಿಮ್ಮದು, ಎಂದು.
ಅದೇ ಪ್ರಶ್ನೆ; ಇಸ್ತ್ರಿ ಅಂಗಿ ತೊಟ್ಟು ಬಂದಿತ್ತು, ಅಷ್ಟೆ.
ಆದರೆ ರಾತ್ರಿ ಎರಡರ ನಲ್ಲಿ ಕೇಳಿಲ್ಲ,
ಕೊಡದ ಸಾಲು ಕೇಳಿಲ್ಲ,
ಇದುವರೆಗೆ.

ಬಾಡಿಗೆ ಒಂಬತ್ತೂವರೆ, ಯುಗಾದಿಗೆ ಏರುತ್ತದೆ.
ಅಲ್ಲಿ ಕಂತು ಹನ್ನೊಂದು, ಹದಿನೈದು ವರ್ಷ, ಆಮೇಲೆ ನಮ್ಮದೇ.
ಇವರದು ಆಸ್ಪತ್ರೆ ಲಿಫ್ಟು, ರಾತ್ರಿ ಪಾಳಿ, ನಡೆದರೆ ಕಾಲು ಗಂಟೆ.
ಅಲ್ಲಿಂದ ಕೊನೆಯ ಬಸ್ಸು ಎಂಟೂಕಾಲಿಗೆ;
ತಪ್ಪಿದರೆ ಇವರಿಲ್ಲದೆ ಯಾರೋ ಐದನೇ ಮಹಡಿಗೆ ಕಾಯುತ್ತಾರೆ.
ನನ್ನ ಸೀರೆಗಳು ಚಿಕ್ಕಪೇಟೆಯವು,
ಮಾಗಡಿ ರೋಡಿನ ಬಸ್ಸು ಹತ್ತಿ ಬರುವ ಪೈಕಿಯಲ್ಲ.

ಗೀಟಿನ ಎರಡೂ ಕಡೆ ತುಂಬಿತು.
ಕೂಡುವುದು ಕಳೆಯುವುದು ಇಬ್ಬರಿಗೂ ಬರಲಿಲ್ಲ.

ನಿನ್ನೆ ಬೆಳಿಗ್ಗೆ ವಠಾರದ ಬಾಗಿಲಲ್ಲಿ ಆಂಡಾಳಮ್ಮನಿಗೆ
ಬರ್ತೀವಿ, ಅಂದು ಹೊರಟಿದ್ದೆ.
ಸಂಜೆ ಅವರೆ ಗಿಡದ ಮುಂದೆ ಬೈಲಪ್ಪನಿಗೂ
ಬರ್ತೀವಿ, ಅಂದೆ.
ಹೋಗುತ್ತೇವೆ ಅನ್ನಲು ನಮಗೆ ಬಾಯಿ ಬರುವುದಿಲ್ಲವಲ್ಲ.
ಎರಡು ಕಡೆ ಮಾತು ಕೊಟ್ಟ ಹಾಗಾಯಿತು.

ಇವರು ಬಿಲ್ಲು ತಿರುಗಿಸಿದರು.
ಕಟ್ಟಲು ಕೊನೆಯ ದಿನ ಶನಿವಾರವೇ ಕಳೆದಿತ್ತು.
ನಕ್ಕರು, ಅದೇ ದಪ್ಪ ದನಿಯಲ್ಲಿ, ಪೂರ್ತಿ.
ಗೋಡೆಯಾಚೆಯಿಂದ ಆಂಡಾಳಮ್ಮ, ಏನಾಯ್ತೇ, ಅಂದರು.
ಏನಿಲ್ಲ, ಅಂದೆ.
ಅವರೆಕಾಯಿ ತಂದಿದೀನಿ,
ಬಿಡಿಸೋಕೆ ಬನ್ನಿ.